ಸೀರೆಗಳಿಗೆ ನಂಬರು ಕೊಟ್ಟ ವರ್ಷ

ತೊಂಬತ್ತರ ದಶಕದ ಕೊನೆಯಲ್ಲಿ ವಿಶ್ವವಿದ್ಯಾಲಯದ ಒಂದು ಸಂಶೋಧನಾ ಯೋಜನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಮೊಳಕಾಲ್ಮೂರಿನ ಹಳೆಯ ರೇಷ್ಮೆ ಸೀರೆಗಳ ಅಂಚು, ಸೆರಗುಗಳನ್ನು ದಾಖಲಿಸುವ ಕೆಲಸ. ಮನೆಮನೆಯಿಂದ ಇಪ್ಪತ್ತಾರು ಸೀರೆ ಕೇಳಿ ಪಡೆದು ಬಸ್ಸಿನಲ್ಲಿ ಚಳ್ಳಕೆರೆಯ ಫೋಟೊ ಸ್ಟುಡಿಯೊಗೆ ತಂದೆ. ಇಪ್ಪತ್ತಾರೋ ಇಪ್ಪತ್ತೆಂಟೋ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ.

ನಂಬರು ಕೊಡುವ ಕ್ರಮ ನನ್ನದೇ. ಎರಡನೇ ಪೆಟ್ಟಿಗೆಯಲ್ಲಿ ಮೇಲಿನಿಂದ ಮೂರನೆಯ ಸೀರೆ ಎಂದರೆ 2-3. ಚೀಟಿ ಅಂಟಿಸಿದರೆ ರೇಷ್ಮೆ ಕೆಡುತ್ತದೆಂದು ನಂಬರನ್ನು ಪುಸ್ತಕದಲ್ಲಷ್ಟೇ ಬರೆದೆ. ಸ್ಟುಡಿಯೊದವನು ತಿಳಿ ಬಣ್ಣದ ಸೀರೆಗಳನ್ನು ಒಂದು ಕಡೆ, ಗಾಢ ಬಣ್ಣದವನ್ನು ಇನ್ನೊಂದು ಕಡೆ ಜೋಡಿಸಿ ಪೆಟ್ಟಿಗೆಗಳಿಗೆ ತುಂಬಿದ. ಸೀರೆಗಳು ಜಾಗ ಬದಲಿಸಿದವು, ನಂಬರು ಹಳೆಯ ಜಾಗವನ್ನೇ ಹೇಳುತ್ತಿತ್ತು. ಎಷ್ಟೋ ವರ್ಷ ಇದನ್ನು ಅವನ ತಪ್ಪೆಂದೇ ಹೇಳಿಕೊಂಡು ಬಂದೆ. ಆಮೇಲೆ ಆ ಪುಸ್ತಕ ಸಿಕ್ಕಿತು. ‘ಬಣ್ಣದ ಪ್ರಕಾರ ಜೋಡಿಸಿ’ ಎಂದು ಅದರಲ್ಲಿದ್ದದ್ದು ನನ್ನದೇ ಅಕ್ಷರ.

ಸೀರೆಗಳು ಇನ್ನೂ ಸ್ಟುಡಿಯೊದಲ್ಲಿದ್ದಾಗಲೇ ಮೊಳಕಾಲ್ಮೂರಿನ ಒಬ್ಬ ಅವ್ವ, ಆಂಧ್ರದ ಕಡೆ ಕೊಟ್ಟಿದ್ದ ತಮ್ಮ ಅಕ್ಕನನ್ನು ಕರೆದುಕೊಂಡು ಅಲ್ಲಿಗೇ ಬಂದರು. ಶುಕ್ರವಾರ ಅವ್ವನ ಮಗಳ ಸೀಮಂತ. ಆ ಮನೆಯ ಹೆಣ್ಣುಮಕ್ಕಳೆಲ್ಲ ಸೀಮಂತಕ್ಕೆ ಉಡುತ್ತಿದ್ದದ್ದು ಅವ್ವನ ಅತ್ತೆಯ ಸೀರೆ. ಪುಸ್ತಕ ನೋಡಿ 2-3 ತೆಗೆದುಕೊಟ್ಟೆ.

“ಇದ್ಯಾರ್ದಪ್ಪಾ? ನಮ್ದು ಹಸಿರು.”

ಅದರ ಕೆಳಗಿನದು ಹಸಿರು. ಅದರ ಕೆಳಗಿನದೂ ಹಸಿರು, ಅಂಚೂ ಒಂದೇ. ಎರಡನ್ನೂ ಅವರ ಮುಂದಿಟ್ಟೆ.

“ಓದಿದೋನು ಅಂತ ಕೊಟ್ರೆ ಕಲಸಿ ಚಿತ್ರಾನ್ನ ಮಾಡಿಟ್ಟವ್ನೆ!” ಎಂದರು ಅಕ್ಕ.

“ಸುಮ್ಕಿರಕ್ಕ.” ಅವ್ವ ಎರಡನ್ನೂ ತೊಡೆಯ ಮೇಲೆ ಹಾಕಿಕೊಂಡು ನೆರಿಗೆಯ ಭಾಗವನ್ನು ಬೆರಳಿನಿಂದ ತಡವಿದರು. “ಇಲ್ಲೈತೆ ನೋಡಪ್ಪಾ, ನಮ್ಮತ್ತೆ ಹಾಕಿದ್ ಹೊಲಿಗೆ. ಹಸಿರು ದಾರ ಇರ್ಲಿಲ್ಲಂತ ನೀಲೀಲಿ ಹಾಕವ್ರೆ.”

ಆ ಸೀರೆಯನ್ನು ಬೇರೆ ತೆಗೆದಿಟ್ಟೆ. ಆದರೆ ಅಕ್ಕತಂಗಿಯರು ಅಲ್ಲಿಗೆ ಬಿಡಲಿಲ್ಲ, ಉಳಿದವನ್ನೂ ಒಂದೊಂದಾಗಿ ಬಿಚ್ಚತೊಡಗಿದರು. ಅಕ್ಕ ಒಂದು ಕೆಂಪು ಸೀರೆಯನ್ನು ಎದೆಗೊತ್ತಿಕೊಂಡು, “ಇದಿ ಮನದೇ! ನಮ್ದೇ ಇದು!” ಎಂದು ತೆಲುಗು ಕನ್ನಡ ಎರಡರಲ್ಲೂ ಕೂಗಿದರು.

“ನಿಂದೆಲ್ಲಿಂದ ಬಂತು? ಮೇಷ್ಟ್ರ ಹೆಂಡ್ತೀದದು. ಮಗನ ಮದ್ವೇಲಿ ಸೆರಗಿಗೆ ಎಣ್ಣೆ ಚೆಲ್ಕಂಡಿದ್ದು ಮರೆತ್ಯಾ?”

“ನೇಯ್ದಿದ್ದು ನಮ್ಮಪ್ಪನ ಮಗ್ಗದಾಗೆ. ಅಂದ್ಮೇಲೆ ನಮ್ದೇ!”

ವಿಶ್ವವಿದ್ಯಾಲಯ ಕಳಿಸಿದ್ದ ನಮೂನೆ ಕಾರ್ಡಿನಲ್ಲಿ ಉದ್ದ, ಅಗಲ, ಬಣ್ಣ ಬರೆಯಲು ಜಾಗವಿತ್ತು. ನೇಯ್ದವರು, ಉಟ್ಟವರು, ಹೊಲಿದವರು ಯಾರೆಂದು ಬರೆಯಲು ಇರಲಿಲ್ಲ. ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಂಡೆ. ಸಂಜೆಯ ಹೊತ್ತಿಗೆ ಎಲ್ಲ ಸೀರೆಗೂ ಮನೆ ಸಿಕ್ಕಿತ್ತು. ಪ್ರತಿಯೊಂದರ ಒಳಮಗ್ಗುಲಿಗೂ ಬಟ್ಟೆಯ ಚೂರು ಹೊಲಿದು, ಒಂದರಿಂದ ಹೊಸದಾಗಿ ನಂಬರು ಹಾಕಿದೆವು.

“ನಮ್ದು ಏಳು. ಏಳು ಅಂದ್ರೆ ಏನಪ್ಪಾ?” ಎಂದು ಅವ್ವ ಕೇಳಿದರು.

“ಏನೂ ಇಲ್ಲವ್ವಾ. ಎಲ್ಲಿಟ್ರೂ ಇದು ಏಳೇ.”

“ನನ್ ಹೆಸರೂ ಹಂಗೇ ಬಿಟ್ಟಿದ್ರೆ ಆಗ್ತಿತ್ತು,” ಎಂದರು ಅಕ್ಕ. “ಗಂಡನ ಮನ್ಯಾಗೆ ಬದಲಾಯಿಸಿಬಿಟ್ರು.”

“ಅದಕ್ಕೇ ಹಳೇ ಹೆಸರಿಗೆ ಬರೆದಿದ್ ಕಾಗ್ದ ಒಂದೂ ನಿನಗೆ ಮುಟ್ಟಾಕಿಲ್ಲ!” ಎಂದು ಅವ್ವ ನಕ್ಕರು.

ಮುಂದೆ ಆ ಯೋಜನೆಯ ಹೆಸರೇ ಎರಡು ಸಲ ಬದಲಾಯಿತು, ಕಾರ್ಡುಗಳೆಲ್ಲ ಕಂಪ್ಯೂಟರಿಗೆ ಏರಿದವು. ಏಳು ಮಾತ್ರ ಏಳಾಗಿಯೇ ಉಳಿಯಿತು.

ಆ ಶುಕ್ರವಾರ ಸೀಮಂತದ ಊಟಕ್ಕೆ ನನ್ನನ್ನೂ ಕರೆದಿದ್ದರು. ಮಗಳು ಹಸಿರು ಸೀರೆಯುಟ್ಟು ಹಸೆಯ ಮೇಲೆ ಕುಳಿತಿದ್ದಳು. ಬಳೆ ತೊಡಿಸುತ್ತಿದ್ದ ಅಕ್ಕ ಸೆರಗನ್ನು ಬೆಳಕಿಗೆ ಹಿಡಿದು, ತಟ್ಟನೆ ಬಾಗಿಲ ಬಳಿ ನಿಂತಿದ್ದ ನನ್ನತ್ತ ತಿರುಗಿದರು.

“ಲೇ ತಮ್ಮಾ, ಇದು ನಮ್ದಲ್ಲ ಕಣೋ!”

ಕೈಯಲ್ಲಿದ್ದ ಕೋಸಂಬರಿ ನೆಲಕ್ಕೆ ಚೆಲ್ಲಿತು. ಅಂದು ಏನು ಉಂಡೆನೋ, ಯಾರು ಯಾರು ಬಂದಿದ್ದರೋ ಆಣೆಯಿಟ್ಟು ಹೇಳಲಾರೆ. ಆದರೆ ಅಕ್ಕನ ತಮಾಷೆಗೆ ಮೊದಲು ನಕ್ಕದ್ದು ಆ ಮಗಳು, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು. ಆಮೇಲೆ ಇಡೀ ಪಡಸಾಲೆ ನಕ್ಕಿತು.