ಆಗ್ನೇಯಕ್ಕೆ ಬಾಗಿಲಿಟ್ಟ ಡೇರೆ

ಸಖೀರ್ ಮರುಭೂಮಿಯಲ್ಲಿ ನಾವು ನಮ್ಮದೇ ಡೇರೆ ಹಾಕಿದ್ದು 2009ರ ಜನವರಿಯ ಒಂದು ಶುಕ್ರವಾರ. ಆಗ ನನಗೆ ಹದಿನೇಳು. ದಿನಚರಿ ಬರೆಯುವ ಅಭ್ಯಾಸ ಶುರುವಾಗಿ ನಾಲ್ಕು ವರ್ಷವಾಗಿತ್ತು, ಹಾಗಾಗಿ ಆ ದಿನ ಪಿಕಪ್ಪಿನಲ್ಲಿ ಏನೇನು ಹೇರಿದೆವೆಂದು ಈಗಲೂ ಹೇಳಬಲ್ಲೆ. ಕಬ್ಬಿಣದ ಗೂಟ, ನೈಲಾನ್ ಹಗ್ಗ, ಎರಡು ಚಾಪೆ, ನೀರಿನ ಕ್ಯಾನುಗಳು, ಗ್ಯಾಸ್ ಒಲೆ. ಇವೆಲ್ಲಕ್ಕಿಂತ ಜೋಪಾನವಾಗಿ, ಅಮ್ಮನ ತೊಡೆಯ ಮೇಲೆ, ಊರಿನಿಂದ ಬಂದ ಒಣ ರೊಟ್ಟಿಯ ಡಬ್ಬ.

ಚಳಿಗಾಲ ಬಂತೆಂದರೆ ಬಹರೈನಿನ ಜನ ಡೇರೆ ಕಟ್ಟಿಕೊಂಡು ಸಖೀರಿಗೆ ಹೊರಡುತ್ತಾರೆ. ಅಪ್ಪ ಮೀನಾ ಸಲ್ಮಾನ್ ಬಂದರಿನ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅದರ ಯಜಮಾನ, ಅಂದರೆ ಅರ್ಬಾಬ್, ಪ್ರತಿ ವರ್ಷ ನಮ್ಮನ್ನು ತನ್ನ ಡೇರೆಗೆ ಊಟಕ್ಕೆ ಕರೆಯುತ್ತಿದ್ದ. ದೊಡ್ಡ ಹರಿವಾಣದಲ್ಲಿ ಮಜ್ಬೂಸ್ ಅನ್ನ, ಅದರ ಮೇಲೆ ಮಾಂಸ. ಅವನ ಮುದಿ ತಂದೆ ಊಟಕ್ಕೆ ಮೊದಲು ಡೇರೆಯ ಸುತ್ತ ಬಂದು ಒಂದೊಂದೇ ಹಗ್ಗ ಎಳೆದು ನೋಡುತ್ತಿದ್ದರು. ಸಡಿಲ ಕಂಡರೆ ಮೊಣಕಾಲೂರಿ ಬಿಚ್ಚಿ ಕಟ್ಟುವರು, ಕಟ್ಟಿದವನಿಗೆ ಬೈಯುವರು. ಅವರನ್ನು ಎಲ್ಲರೂ ಹಾಜಿ ಎನ್ನುತ್ತಿದ್ದರು. ಅಪ್ಪ ಮಾತ್ರ ಪ್ರತಿ ಸಲವೂ ರತ್ನಗಂಬಳಿಯ ಅಂಚಿನಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಕೂರುತ್ತಿದ್ದರು. ಒಳಗೆ ಬಾ ಎಂದು ಎಷ್ಟು ಕರೆದರೂ ಸರಿಯುತ್ತಿರಲಿಲ್ಲ.

ಅದನ್ನು ನೋಡಿ ನೋಡಿಯೇ ಇರಬೇಕು, ಸೆಗಯಾದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಂದು ಸಂಜೆ ಅಮ್ಮ ಹೇಳಿದರು, "ವರ್ಷ ವರ್ಷ ಹೋಗಿ ಉಂಡು ಬರುವುದು ಮಾತ್ರವಾ? ಒಂದು ಸಲ ನಾವೂ ಅವರಿಗೆ ಬಡಿಸಬೇಕಲ್ಲ."

"ಮನೆಗೇ ಕರೆಯುವ," ಎಂದರು ಅಪ್ಪ.

"ಮನೆಗಲ್ಲ. ಅವರು ನಮ್ಮನ್ನು ಕರೆದದ್ದು ಎಲ್ಲಿಗೆ? ಡೇರೆಗೆ. ನಾವೂ ಡೇರೆಗೇ ಕರೆಯುವುದು."

ಅಪ್ಪ ಅಳುಕುತ್ತಲೇ ಕರೆದರು. ಶನಿವಾರ ಬೆಳಿಗ್ಗೆ ಬರುತ್ತೇವೆ, ಊಟಕ್ಕೆ ಮೊದಲು ಹಾಜಿಗೆ ಹಳೆಯ ಎಣ್ಣೆ ಬಾವಿಯವರೆಗೆ ನಡೆಯಬೇಕಂತೆ ಎಂದು ಉತ್ತರ ಬಂತು. ಆಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಕೋರಿ ರೊಟ್ಟಿಯ ಕೋಳಿ ಸಾರಿಗೆ ಖಾರ ಕಡಿಮೆ ಮಾಡು ಎಂದು ಅಪ್ಪ ಹೇಳಿದ್ದಕ್ಕೆ, "ಖಾರ ಇಲ್ಲದ ಕೋರಿಯನ್ನು ಆಸ್ಪತ್ರೆಯಲ್ಲಿ ಕೊಡ್ತಾರೆ," ಎಂದು ಅಮ್ಮ ಬಾಯಿ ಮುಚ್ಚಿಸಿದರು.

ಡೇರೆ ತಂದದ್ದು ಮಾವ, ಅಮ್ಮನ ತಮ್ಮ. ಮನಾಮಾದಲ್ಲಿ ಒಂದು ಆಫೀಸಿನ ಅಕೌಂಟೆಂಟ್. ಯಾರೋ ಸ್ನೇಹಿತರಿಂದ ಎರವಲು ತಂದಿದ್ದರಿಂದ ಅದರ ಯಜಮಾನಿಕೆಯೆಲ್ಲ ತಮ್ಮದೇ ಎಂಬಂತೆ ನಡೆದುಕೊಂಡರು. ಸಖೀರಿನಲ್ಲಿ ಜಾಗ ಹಿಡಿದು ಕ್ಯಾನ್ವಾಸ್ ಬಿಡಿಸಿದಾಗ ನಾನು, ಬಾಗಿಲು ತೆಂಕು ಕಡೆಗೆ ಇರಲಿ ಎಂದೆ. ಸುತ್ತಲಿನ ಡೇರೆಗಳೆಲ್ಲ ವಾಯುವ್ಯಕ್ಕೆ ಬೆನ್ನು ಮಾಡಿದ್ದವು. ಹಿಂದಿನ ವರ್ಷಗಳಲ್ಲೂ ಹಾಗೇ ನೋಡಿದ್ದೆ. ಇಲ್ಲಿ ಚಳಿಗಾಲದ ಗಾಳಿ, ಇಲ್ಲಿಯವರು ಶಮಾಲ್ ಅನ್ನುವುದು, ಆ ದಿಕ್ಕಿನಿಂದಲೇ ಬರುತ್ತದೆ.

"ತೆಂಕು ಬಾಗಿಲಾ?" ಮಾವ ಸುತ್ತಿಗೆ ಕೆಳಗಿಟ್ಟರು. "ಯಮನ ದಿಕ್ಕಿಗೆ ಬಾಗಿಲಿಟ್ಟು ನೆಂಟರನ್ನು ಕರೆಯುವುದಾ? ಬಡಗು ಕಡೆಗೆ ಇಡುವ. ಕುಬೇರ ಬರ್ತಾನೆ."

"ಮಾವಾ, ಕುಬೇರನಿಗಿಂತ ಮೊದಲು ಗಾಳಿ ಬರ್ತದೆ."

"ನೀನು ಬರೆದುಕೊ, ಇಂಜಿನಿಯರೇ. ಕಟ್ಟುವುದು ನಾನು ಕಟ್ತೇನೆ."

ಅಪ್ಪ ಎರಡೂ ಕಡೆ ನೋಡಿ ಹಗ್ಗ ಬಿಡಿಸತೊಡಗಿದರು. ಬಾಗಿಲು ಬಡಗು ಕಡೆಗೇ ಆಯಿತು.

ಸೂರ್ಯ ಇಳಿಯುವ ಹೊತ್ತಿಗೆ ಗಾಳಿ ಎದ್ದಿತು. ಮೊದಲು ಚಾಪೆಯ ತುದಿ ಮಗುಚಿತು. ಆಮೇಲೆ ಡೇರೆ ಹೊಟ್ಟೆ ತುಂಬ ಗಾಳಿ ಕುಡಿದು ಊದಿಕೊಂಡಿತು. ಮುಂದಿನ ಕಂಬ ವಾಲಿತು, ಎರಡು ಗೂಟ ಕಿತ್ತು ಹಾರಿದವು, ಒಲೆಯ ಮೇಲಿದ್ದ ಅನ್ನದ ಪಾತ್ರೆಗೆ ಮರಳು ಬಿತ್ತು. ಅಮ್ಮ ಮಾಡಿದ ಮೊದಲ ಕೆಲಸವೆಂದರೆ ರೊಟ್ಟಿಯ ಡಬ್ಬ ಎತ್ತಿಕೊಂಡು ಪಿಕಪ್ಪಿಗೆ ಓಡಿದ್ದು. "ಡೇರೆ ಹೋದರೆ ಹೋಗಲಿ, ರೊಟ್ಟಿ ಹೋಗಬಾರದು!"

ಅಪ್ಪ ಫೋನ್ ಕೈಗೆತ್ತಿಕೊಂಡರು. "ಅರ್ಬಾಬಿಗೆ ಹೇಳಿಬಿಡ್ತೇನೆ. ನಾಳೆ ಮನೆಗೇ ಬನ್ನಿ ಅಂತ."

"ಫೋನ್ ಒಳಗಿಡಿ," ಎಂದರು ಅಮ್ಮ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ನಿಮಗೆ ಮತ್ತೆ ಚಪ್ಪಲಿಯ ಹತ್ತಿರ ಕೂರಬೇಕಾ?"

ಫೋನ್ ಜೇಬಿಗೆ ಹೋಯಿತು.

ಮಾವ ಮರಳು ಉಗುಳುತ್ತ, "ತಿರುಗಿಸುವುದಾದರೆ ತಿರುಗಿಸಿ, ಆದರೆ ತೆಂಕು ಮಾತ್ರ ಬೇಡ ಅಕ್ಕ," ಎಂದರು. ಇನ್ನೂ ಪಟ್ಟು ಬಿಟ್ಟಿರಲಿಲ್ಲ. ಆಗ ಅಮ್ಮ ನನ್ನನ್ನು ಕೇಳಿದರು, "ಗಾಳಿಗೆ ಸರಿಯಾಗಿ ಬೆನ್ನು ಹಾಕಿದರೆ ಬಾಗಿಲು ಯಾವ ಮೂಲೆಗೆ ಬರ್ತದೆ?"

"ಆಗ್ನೇಯಕ್ಕೆ."

"ಆಗ್ನೇಯ ಅಂದರೆ ಅಡುಗೆ ಮನೆಯ ಮೂಲೆ. ನಾನು ಇಲ್ಲಿಗೆ ಬಂದದ್ದೇ ಅಡುಗೆಗೆ. ಇನ್ನೆಂತ ವಾಸ್ತು ಬೇಕು ನಿನಗೆ?"

ಮಾವ ಸುತ್ತಿಗೆ ಎತ್ತಿಕೊಂಡರು.

ಬೆಳಕು ಇರುವಷ್ಟರಲ್ಲಿ ಮುಗಿಸಬೇಕಿತ್ತು. ಅಮ್ಮ ನಡುವಿನ ಕಂಬವನ್ನು ಅಪ್ಪಿ ಹಿಡಿದು ನಿಂತರು. ಅಪ್ಪ ಮತ್ತು ಮಾವ ಕ್ಯಾನ್ವಾಸ್ ಎಳೆದರು, ನಾನು ಗೂಟ ಹೊಡೆದೆ. ಹಾಜಿಯ ಡೇರೆಯಲ್ಲಿ ನೋಡಿದ್ದಂತೆ ಗೂಟವನ್ನು ಹಗ್ಗಕ್ಕೆ ವಿರುದ್ಧವಾಗಿ ಓರೆಯಾಗಿಸಿ, ಮೇಲೆ ಕಲ್ಲು ಹೇರಿದೆ. ಅಂಗೈಯಲ್ಲಿ ಬೊಕ್ಕೆ ಎದ್ದವು. ಕೊನೆಯ ಹಗ್ಗ ಕಟ್ಟಿದಾಗ ಒಳಗೆ ಗಾಳಿಯ ಸದ್ದು ಮಾತ್ರ ಉಳಿದಿತ್ತು, ಗಾಳಿ ಇರಲಿಲ್ಲ. ಅಮ್ಮ ಕಂಬದಿಂದ ಕೈ ತೆಗೆದು, ಅದು ನಿಂತೇ ಇರುವುದನ್ನು ಸ್ವಲ್ಪ ಹೊತ್ತು ನೋಡಿದರು. ಬಾಗಿಲಲ್ಲಿ ನೇರ ಎದುರಿಗೆ ಜಬಲ್ ದುಖಾನ್ ಕಾಣುತ್ತಿತ್ತು. ಹೊಗೆಯ ಬೆಟ್ಟ ಎಂದು ಆ ಹೆಸರಿನ ಅರ್ಥ.

ಮರುದಿನ ಅರ್ಬಾಬ್ ತಂದೆಯೊಂದಿಗೆ ಬಂದ. ಮಾವ ಒಲೆಯ ಕಾವಲಿಗೆ ಉಳಿದರು, ನಾವು ಉಳಿದವರೆಲ್ಲ ನಡೆಯಲು ಹೊರಟೆವು. ಅಮ್ಮ ಸೀರೆಯ ಕೆಳಗೆ ನನ್ನ ಶಾಲೆಯ ಹಳೆಯ ಶೂ ಹಾಕಿಕೊಂಡಿದ್ದರು. ಆ ತಿಂಗಳು ಒಂದೆರಡು ಮಳೆ ಬಿದ್ದಿದ್ದರಿಂದ ಕಲ್ಲುಗಳ ಸಂದಿಯಲ್ಲಿ ಬೆರಳುದ್ದದ ಹಸಿರು ಇತ್ತು. ನೆಲದ ಮೇಲೇ ಎಣ್ಣೆಯ ಪೈಪುಗಳು ಸಾಲಾಗಿ ಓಡುತ್ತಿದ್ದವು. ದೂರದಲ್ಲಿ ಪಂಪುಗಳು ಹೌದು ಹೌದು ಎಂಬಂತೆ ತಲೆ ಆಡಿಸುತ್ತಿದ್ದವು. "ಇದಾ ಬೆಟ್ಟ? ನಮ್ಮಲ್ಲಿ ಇದಕ್ಕೆ ಗುಡ್ಡೆ ಅಂತಾರೆ," ಎಂದು ಅಮ್ಮ ಕನ್ನಡದಲ್ಲಿ ಗೊಣಗಿದರು. ಹಾಜಿ ಕೋಲೂರಿಕೊಂಡು ನಮಗಿಂತ ಮುಂದೆಯೇ ಇದ್ದರು.

ಬೆಟ್ಟದ ಬುಡದಲ್ಲಿ ಆ ಬಾವಿ ಇದೆ. ಕೊಲ್ಲಿಯ ಈ ದಡದಲ್ಲಿ ಮೊಟ್ಟಮೊದಲು ಎಣ್ಣೆ ಸಿಕ್ಕಿದ್ದು ಇಲ್ಲೇ. ಬೇಲಿಯ ನಡುವೆ ಕಬ್ಬಿಣದ ಕೊಳವೆ, ತಿರುಪು ಚಕ್ರ, ಒಂದು ಫಲಕ, ಅಷ್ಟೇ. ಹಾಜಿ ಕಲ್ಲಿನ ಮೇಲೆ ಕುಳಿತು, ಭಾರತದವರೊಡನೆ ಮಾತಾಡಿ ಮಾತಾಡಿ ಕಲಿತ ಹಿಂದಿಯಲ್ಲಿ ಹೇಳಿದರು, "ಬಾವಿ ತೋಡುವವರಿಗೆ ನನ್ನ ಅಪ್ಪ ಕತ್ತೆಯ ಮೇಲೆ ಕುಡಿಯುವ ನೀರು ತರುತ್ತಿದ್ದ."

"ಎಣ್ಣೆ ಬಂದದ್ದನ್ನು ಅವರು ನೋಡಿದರಾ?" ಎಂದು ಕೇಳಿದೆ.

"ಇಲ್ಲ. ಸದ್ದಿಗೆ ಹೆದರಿ ಕತ್ತೆ ಓಡಿತು. ಅವನು ಅದರ ಹಿಂದೆ ಓಡಿದ. ತಿರುಗಿ ಬರುವಾಗ ಎಲ್ಲ ಕುಣಿದು ಮುಗಿದಿತ್ತು." ಅರ್ಬಾಬ್ ಈ ಕತೆಯನ್ನು ನೂರು ಸಲ ಕೇಳಿರಬೇಕು, ಆದರೂ ನಕ್ಕ. ಹಾಜಿ ಅಮ್ಮನ ಕಡೆ ತಿರುಗಿದರು. "ಕ್ಯಾಂಪಿನಲ್ಲಿ ನಿಮ್ಮ ದೇಶದ ಅಡುಗೆಯವನೊಬ್ಬ ಇದ್ದ. ಒಂದು ದಿನ ಅಪ್ಪನಿಗೆ ತನ್ನ ಸಾರು ಕೊಟ್ಟ. ಬಾಯಿಗೆ ಬೆಂಕಿ ಬಿತ್ತು ಅಂತ ಅಪ್ಪ ಸಾಯುವ ತನಕ ಹೇಳುತ್ತಿದ್ದ. ನಾವು ಯಾರೂ ನಂಬಲಿಲ್ಲ."

ಅಪ್ಪ ಅಮ್ಮನತ್ತ ಗಾಬರಿಯಿಂದ ನೋಡಿದರು. ಅಮ್ಮ ಬೆಟ್ಟ ನೋಡುತ್ತಿದ್ದರು.

ಹಿಂದಿರುಗಿದಾಗ ಗಾಳಿ ಮತ್ತೆ ಬೀಸುತ್ತಿತ್ತು. ಹಾಜಿ ಒಳಗೆ ಬರಲಿಲ್ಲ. ಎಂದಿನಂತೆ ಡೇರೆಯ ಸುತ್ತ ಹೊರಟರು. ಅಮ್ಮ ಸೌಟು ಹಿಡಿದುಕೊಂಡೇ ಕ್ಯಾನ್ವಾಸಿನ ಸಂದಿಯಿಂದ ಇಣುಕಿದರು, ನಾನೂ ಅವರ ಭುಜದ ಮೇಲಿಂದ ನೋಡಿದೆ. ಒಂದು ಹಗ್ಗ ಎಳೆದರು, ಮುಂದೆ ಹೋದರು. ಇನ್ನೊಂದು ಎಳೆದರು. ನಾನು ಹೇರಿದ್ದ ಕಲ್ಲನ್ನು ಕೋಲಿನಿಂದ ತಟ್ಟಿದರು. ಪೂರ್ತಿ ಸುತ್ತು ಬಂದರೂ ಮೊಣಕಾಲು ಒಮ್ಮೆಯೂ ನೆಲ ಮುಟ್ಟಲಿಲ್ಲ.

"ಕಟ್ಟಿದವರು ಯಾರು?" ಎಂದು ಕೇಳಿದರು ಬಾಗಿಲಲ್ಲಿ.

ಮಾವ ಬಾಯಿ ತೆರೆದರು, ಆಮೇಲೆ ನನ್ನ ಕಡೆ ಕೈ ತೋರಿಸಿದರು. "ಇವಳು. ಕಂಬ ಹಿಡಿದದ್ದು ಇವಳ ಅಮ್ಮ. ನಾವು ಬರೀ ಎಳೆದದ್ದು."

ಹಾಜಿ ಒಳಗೆ ಬಂದರು, ಅರ್ಬಾಬ್ ಚಾಪೆಯ ಅಂಚಿನಲ್ಲೇ ಕೂರಲು ಹೋದ. ಆಗ ಅಪ್ಪ ಅವನ ಕೈ ಹಿಡಿದು ಒಳಗೆ ಕರೆದರು. "ಇಲ್ಲಿ ನಾನು ಹೇಳಿದಲ್ಲಿ ಕೂರಬೇಕು," ಎಂದು ಹಿಂದಿಯಲ್ಲಿ ಜೋರಾಗಿಯೇ ಹೇಳಿ ಚಾಪೆಯ ನಡುವೆ ಕೂರಿಸಿ, ತಾವೂ ಪಕ್ಕದಲ್ಲಿ ಕಾಲು ಮಡಚಿ ಕುಳಿತರು. ಅಪ್ಪನ ಬೆನ್ನು ಅಷ್ಟು ನೆಟ್ಟಗಿದ್ದದ್ದನ್ನು ನಾನು ಅದಕ್ಕೆ ಮೊದಲು ಗಮನಿಸಿರಲಿಲ್ಲ.

ಅಮ್ಮ ರೊಟ್ಟಿ ಮುರಿದು ತಟ್ಟೆಗೆ ಹಾಕಿ, ಮೇಲೆ ಕೆಂಪು ಸಾರು ಸುರಿದರು. ಗರಿಗರಿ ರೊಟ್ಟಿ ಚಟಚಟ ಅಂದಿತು. ಹಾಜಿ ಮೊದಲ ತುತ್ತು ನುಂಗಿ ಕೈ ತಡೆದರು. ಕಣ್ಣಲ್ಲಿ ನೀರು ಬಂತು. ಮಗ ನೀರಿನ ಲೋಟ ಚಾಚಿದ.

"ನನ್ನ ಅಪ್ಪ ಸುಳ್ಳು ಹೇಳಿರಲಿಲ್ಲ," ಎಂದರು ಹಾಜಿ. ಲೋಟವನ್ನು ಪಕ್ಕಕ್ಕೆ ಸರಿಸಿದರು. ಇನ್ನೂ ತುಂಬಿಯೇ ಇದ್ದ ತಟ್ಟೆಯನ್ನು ಸಾರಿಗಾಗಿ ಅಮ್ಮನ ಕಡೆ ಮತ್ತೆ ಹಿಡಿದರು.