ರಕ್ತಕ್ಕೆ ಹೆಸರಿಟ್ಟವಳು

ಹಿರೇಬೆಂಡಿಗೇರಿಯ ದ್ಯಾಮಪ್ಪನ ಮಗಳು ಶೀಲಾ ರೈತರ ಮನೆಯಲ್ಲಿ ಹುಟ್ಟಿಯೂ ತಿಪ್ಪೆಯ ಹತ್ತಿರ, ಬಣವೆಯ ಹತ್ತಿರ ಸುಳಿಯುವಂತಿರಲಿಲ್ಲ. ಅಲ್ಲಿಯ ಬೂಷ್ಟು ಉಸಿರಿನಲ್ಲಿ ಹೋದರೆ ಉಳಿದವರು ಸೀನಿ ಸುಮ್ಮನಾಗುತ್ತಿದ್ದರು. ಆಕೆಯ ಶ್ವಾಸಕೋಶದಲ್ಲಿ ಕೀವು ತುಂಬುತ್ತಿತ್ತು. ಆಕೆಯ ರಕ್ತದ ಬಿಳಿ ಕಣಗಳಿಗೆ ರೋಗಾಣುವನ್ನು ನುಂಗಲು ಬರುತ್ತಿತ್ತು, ಕೊಲ್ಲಲು ಬರುತ್ತಿರಲಿಲ್ಲ. ಹುಟ್ಟಿನಿಂದಲೇ ಬಂದ ದೋಷ. ಆಕೆಯ ಅಣ್ಣ ಇದರಿಂದಲೇ ತೊಟ್ಟಿಲಲ್ಲಿ ತೀರಿಕೊಂಡಿದ್ದ. ಮನೆಯವರು ಅದನ್ನು ದೇವರ ಕಾಟ ಎಂದಿದ್ದರು.

ಆಕೆಗೆ ಇಪ್ಪತ್ತೆರಡಾದಾಗ ಬೆಂಗಳೂರಿನ ಡಾಕ್ಟರಮ್ಮ ಹೊಸ ಚಿಕಿತ್ಸೆಯ ಮಾತೆತ್ತಿದರು. ರಕ್ತ ಹುಟ್ಟಿಸುವ ಶೀಲಾಳದೇ ಮೂಲಕೋಶಗಳನ್ನು ಹೊರತೆಗೆದು, ಸರಿಯಾದ ಜೀನ್ ಸೇರಿಸಿ, ಮರಳಿ ಆಕೆಗೇ ಕೊಡುವುದು. ಇನ್ನೂ ಪ್ರಯೋಗದ ಹಂತ. ಅದಕ್ಕೂ ಮೊದಲು ಕಟುವಾದ ಔಷಧಿ. ಕೂದಲು ಉದುರುತ್ತದೆ, ಮುಂದೆ ಮಕ್ಕಳಾಗದಿರಬಹುದು.

ತಾಯಿ ವೀರವ್ವ ಕುಳಿತಲ್ಲಿಂದ ಎದ್ದೇಬಿಟ್ಟಳು. "ಬ್ಯಾಡ! ಮಕ್ಕಳಾಗಂಗಿಲ್ಲಂದ್ರ ನಿನ್ನ ಯಾರ ಮಾಡ್ಕೊಂತಾರ?"

"ಮೊದ್ಲ ನಾ ಬದುಕಬೇಕಲ್ಲ, ಅವ್ವಾ."

"ನಾ ಸಹಿ ಮಾಡಂಗಿಲ್ರಿ," ಎಂದು ದ್ಯಾಮಪ್ಪ ಡಾಕ್ಟರಮ್ಮನಿಗೆ ಹೇಳಿದ.

"ನಿನ್ನ ಸಹಿ ಕೇಳಿದೋರು ಯಾರಪ್ಪ? ಮೈ ನಂದು," ಎನ್ನುತ್ತ ಶೀಲಾ ತಾನೇ ಪೆನ್ನು ಎತ್ತಿಕೊಂಡಳು.

ಆಸ್ಪತ್ರೆಯಲ್ಲಿ ಬಾಯಿತುಂಬ ಹುಣ್ಣಾಗಿ ನೀರೂ ಗಂಟಲಿಗಿಳಿಯದಾಯಿತು. ಸಹಿ ಮಾಡದ ಅಪ್ಪ ಗಾಜಿನಾಚೆ ನಿಂತು ಅಳುತ್ತಿದ್ದ. ಆಕೆ ಸಿಟ್ಟಿನಿಂದ ಕೈ ಬೀಸಿದಳು: ಹೋಗು, ಉಣ್ಣು ಹೋಗು.

ವಾರಗಳು ಕಳೆದು ಹೊಸ ಕಣಗಳು ಕೆಲಸ ಹಿಡಿದವು. ಎಲ್ಲವೂ ಅಲ್ಲ, ಆದರೆ ಸಾಕಾಗುವಷ್ಟು. ಬೋಳುತಲೆಯಲ್ಲೇ ಊರಿಗೆ ಬಂದ ಮಗಳಿಗೆ ವೀರವ್ವ ಶಾಲು ಹೊದಿಸಲು ಹೋದಳು. ಶೀಲಾ ಅದನ್ನು ಗೂಟಕ್ಕೆ ನೇತುಹಾಕಿ ಕಟ್ಟೆಯ ಮೇಲೆ ಬಂದು ಕುಳಿತಳು.

"ಯಾವ ದೇವರಿಗೆ ಮುಡಿ ಕೊಟ್ಟಿಯವಾ?" ಪಕ್ಕದ ಮನೆಯಾಕೆ ಕೇಳಿದಳು.

"ನನಗ ನಾನ ಕೊಟ್ಕೊಂಡೇನ್ರಿ."

ಅಷ್ಟರಲ್ಲಿ ಮನೆಯಲ್ಲಿ ತಂಗಿ ಮಂಜುಳಾಳ ಮದುವೆಯ ಮಾತು ಹತ್ತಿತು. ವರ ಆಡೂರಿನ ಚನ್ನೇಶ, ವೀರವ್ವನ ತಮ್ಮ. ಮಾತುಕತೆಯ ದಿನ ಶೀಲಾ ಎಲ್ಲರ ನಡುವೆ ಬಂದು ನಿಂತಳು.

"ಅವ್ವನೂ ತನ್ನ ಸೋದರಮಾವನ್ನ ಲಗ್ನ ಆದಾಕಿ. ಇಬ್ಬರ ರಕ್ತದಾಗೂ ಒಂದ ದೋಷ ಇತ್ತು, ಅದಕ್ಕ ಅಣ್ಣಗ ಬಂತು, ನನಗ ಬಂತು. ಮಾಮಾ, ನೀ ಮತ್ತ ಮಂಜುಳಾ ಮೊದ್ಲ ರಕ್ತ ಪರೀಕ್ಷೆ ಮಾಡಿಸ್ಕೊರಿ."

ಚನ್ನೇಶನ ಮುಖ ಕೆಂಪಾಯಿತು. "ನಮ್ಮ ಮನಿತನದ ರಕ್ತಕ್ಕ ಹೆಸರಿಡ್ತಿಯೇನು?"

"ಹೌದು, ಇಡ್ತೇನಿ. ಅಣ್ಣ ಸತ್ತಾಗ ದೇವರಿಗೆ ಹೆಸರಿಟ್ರಿ, ಯಾರೂ ಸಿಟ್ಟಾಗ್ಲಿಲ್ಲ."

ಚನ್ನೇಶ ಉಣ್ಣದೆ ಎದ್ದುಹೋದ. ವೀರವ್ವ ಬಹಳ ದಿನ ಮಗಳ ಜೊತೆ ಮಾತು ಬಿಟ್ಟಳು. ಮಂಜುಳಾ ಮಾತ್ರ ಅಕ್ಕನ ಸಂಗಡ ಹೋಗಿ ರಕ್ತ ಕೊಟ್ಟು ಬಂದಳು. ಆಕೆಗೆ ರೋಗವಿರಲಿಲ್ಲ, ಆದರೆ ಆ ದೋಷ ಆಕೆಯಿಂದ ಮಕ್ಕಳಿಗೆ ದಾಟಬಹುದಾಗಿತ್ತು. ಚನ್ನೇಶ ಪರೀಕ್ಷೆಗೆ ಒಪ್ಪಲೇ ಇಲ್ಲ. ಸುಮ್ಮನೆ ಮುಹೂರ್ತ ಇಡಿ ಎಂದು ಆಡೂರಿನಿಂದ ಹೇಳಿ ಕಳಿಸಿದ.

"ಹಂಗಾದ್ರ ನಾ ಒಲ್ಲೆ," ಎಂದಳು ಮಂಜುಳಾ.

ವೀರವ್ವ ಗಂಡನ ಮುಖ ನೋಡಿದಳು. ದ್ಯಾಮಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಹುಡುಗಿ ಒಲ್ಲೆ ಅಂದ್ಲಲ್ಲ. ಮುಗೀತು," ಎಂದವನೇ ಹೊಲದ ಕಡೆ ನಡೆದ.