ಗುಂಯ್ ಅನ್ನುವ ಡಿಸ್ಕು

ನನ್ನ ಅತ್ತಿಗೆಗೆ ಮನೆಯವರೆಲ್ಲ ಇಟ್ಟ ಹೆಸರು ರೇಡಿಯೋ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಮನೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವುದು ಅವಳ ಕೆಲಸವಾಗಿತ್ತು. ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಇಳಿಬಿಟ್ಟು ಬಾಗಿಲು ಹಾಕಿಕೊಂಡಳೆಂದರೆ ನಾವು ಯಾರೂ ಕೆಮ್ಮುವಂತಿಲ್ಲ, ಸೀನುವಂತಿಲ್ಲ. ಒಮ್ಮೆ ನಾನು ಲೋಟ ಬೀಳಿಸಿದ್ದಕ್ಕೆ ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದಳು.

ಓದಿದ್ದನ್ನೆಲ್ಲ ಅಂಗೈಯಗಲದ ಇನ್ನೊಂದು ಡಿಸ್ಕಿಗೆ ನಕಲು ಮಾಡಿಡುತ್ತಿದ್ದಳು. ಆ ಡಿಸ್ಕು ತಿರುಗುವಾಗ ಗುಂಯ್ ಎನ್ನುತ್ತದೆ, ಹಾಳಾದ ಮೈಕು ಅದನ್ನೂ ಹಿಡಿಯುತ್ತದೆ. ಅದಕ್ಕೇ ನಕಲು ಮುಗಿದ ಕೂಡಲೇ ವೈರು ಕಿತ್ತು, ಹಳೇ ಸ್ವೆಟರಿನಲ್ಲಿ ಸುತ್ತಿ ಬೀರುವಿಗೆ ಸೇರಿಸುತ್ತಿದ್ದಳು. ಅಣ್ಣನ ಫೋಟೋಗಳ ಡಿಸ್ಕು ಸದ್ದು ಮಾಡುವುದಿಲ್ಲ. ಅದು ಸದಾ ಕಂಪ್ಯೂಟರಿಗೆ ಅಂಟಿಕೊಂಡೇ ಇರುತ್ತಿತ್ತು.

ಕಳೆದ ವರ್ಷ ಅತ್ತಿಗೆಯ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಮಾತಾಡಿದರೆ ಕಾಗದ ಉಜ್ಜಿದಂತೆ ಕೇಳುತ್ತದೆ. ಅವಳ ಓದನ್ನು ಅಚ್ಚುಕಟ್ಟಾಗಿ ಕತ್ತರಿಸಿ ಸಂಸ್ಥೆಗೆ ಕಳಿಸಿದ್ದಾಗಿತ್ತು. ಆದರೆ ಓದಿನ ನಡುವೆ ನಕ್ಕಿದ್ದು, ಬೈದದ್ದು, ನಮ್ಮನ್ನು ಕೂಗಿ ಕರೆದದ್ದು ಮನೆಯಲ್ಲಿ ಮಾತ್ರ ಇತ್ತು. ನಮಗೆ ಬೇಕಾಗಿದ್ದದ್ದೂ ಅದೇ.

ಮೊನ್ನೆ ಅಣ್ಣ ಮೇಲ್‌ನಲ್ಲಿ ಬಂದ ಯಾವುದೋ ಕೊರಿಯರ್ ರಸೀದಿ ತೆರೆದ. ನಾವು ಏನನ್ನೂ ತರಿಸಿರಲಿಲ್ಲ, ಆದರೂ ಅವನಿಗೆ ಕೈ ತುರಿಕೆ. ಸ್ವಲ್ಪ ಹೊತ್ತಿಗೆ ಒಂದು ಫೈಲೂ ತೆರೆಯಲೊಲ್ಲದು. ಪರದೆಯ ತುಂಬ ಒಂದೇ ಬೆದರಿಕೆ: ಎಲ್ಲಕ್ಕೂ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಕೀಲಿ. ಅಂಟಿಕೊಂಡಿದ್ದ ಫೋಟೋ ಡಿಸ್ಕಿಗೂ ಬೀಗ ಬಿದ್ದಿತ್ತು.

"ನಿನ್ನ ಡಿಸ್ಕ್ ಇದೆಯಲ್ಲ! ಅದನ್ನ ಹಾಕಿ ನೋಡೋಣ," ಎಂದು ಅಣ್ಣ ಬೀರುವಿಗೆ ಓಡಿದ. ಸ್ವೆಟರ್ ಬಿಚ್ಚಿ ವೈರು ಚುಚ್ಚಬೇಕು, ಅಷ್ಟರಲ್ಲಿ ಅತ್ತಿಗೆ ಅವನ ಕೈಮೇಲೆ ಫಟಾರನೆ ಒಂದು ಕೊಟ್ಟಳು. ಕೂಗಲು ದನಿಯಿಲ್ಲದಿದ್ದರೇನು, ಕೈಯಿತ್ತಲ್ಲ! ಡಿಸ್ಕನ್ನು ಕಂಕುಳಲ್ಲಿ ಅವುಚಿಕೊಂಡು ಇಂಟರ್ನೆಟ್ ವೈರನ್ನೂ ಎಳೆದುಹಾಕಿದಳು.

"ಎಂಜಲು ತಟ್ಟೇಲೇ ಬಡಿಸ್ತೀರಾ? ಇದಕ್ಕೂ ಅದೇ ಗತಿ ಆಗುತ್ತೆ. ಮೊದಲು ಕಂಪ್ಯೂಟರ್ ತೊಳೆಸಿ," ಎಂದು ಉಸುರಿದಳು.

"ಅವರು ಕೇಳಿದ ದುಡ್ಡು ಕೊಟ್ಟುಬಿಡೋಣ್ವಾ?" ಅಣ್ಣ ಕೇಳಿದ.

"ಒಂದು ಪೈಸೇನೂ ಬೇಡ. ನನ್ನ ದನಿ ನನ್ನ ಕಂಕುಳಲ್ಲಿದೆ."

ರಿಪೇರಿಯವನು ಬಂದು ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟ. ಅಣ್ಣನ ಫೋಟೋಗಳು ಹೋದವು. ಆಮೇಲೆಯೇ ಅತ್ತಿಗೆ ಡಿಸ್ಕು ಜೋಡಿಸಿದ್ದು. ಎಲ್ಲವೂ ಕಂಪ್ಯೂಟರಿಗೆ ನಕಲಾದ ಮೇಲೆ ಕಣ್ಣಿಗೆ ಬಿದ್ದ ಒಂದು ಫೈಲನ್ನು ಒತ್ತಿದಳು.

ಮೊದಲು ಗುಂಯ್ ಸದ್ದು. ಆಮೇಲೆ ಗಂಟೆಯಂಥ ಆ ದನಿ:

"ರೀ! ಡಿಸ್ಕ್ ಗುಂಯ್ ಅಂತಿದೆ, ಕೇಳಿಸ್ತಿಲ್ವಾ? ಮೊದಲು ಅದನ್ನ ಕೀಳಿ!"

ಅಣ್ಣ ದಡಬಡಿಸಿ ಎದ್ದು ವೈರು ಕಿತ್ತ.

"ಕಿತ್ತೆ ಕಣೇ, ಕಿತ್ತೆ," ಎಂದು ಕಂಪ್ಯೂಟರಿಗೇ ಉತ್ತರ ಕೊಟ್ಟ. ಅವನ ಕಣ್ಣು ತುಂಬಿತ್ತು.

ಪಕ್ಕದಲ್ಲೇ ಕೂತಿದ್ದ ಅತ್ತಿಗೆ ಸ್ವೆಟರನ್ನು ಅವನ ಮುಂದೆ ಚಾಚಿದಳು.